ನೀಲಕಂಠಪ್ಪ ಕಾಲೇಜು ನೋಡಿದ್ದು

ಬಾಲ್ಕನಿ ಟಿಕೆಟ್ಟು ಹದಿನೈದರಂತೆ ಮೂರು, ಹೋಗಿಬರುವ ಆಟೋಕ್ಕೆ ನಲವತ್ತು, ನಡುವೆ ಐದು ರೂಪಾಯಿ ಶೇಂಗಾ. ೧೯೯೮ರ ಜೂನ್ ತಿಂಗಳಲ್ಲಿ ಹುಬ್ಬಳ್ಳಿಯ ಗೋಪನಕೊಪ್ಪದ ಕಾಳಿನ ವ್ಯಾಪಾರಿ ನೀಲಕಂಠಪ್ಪ ಒಟ್ಟು ತೊಂಬತ್ತು ರೂಪಾಯಿ ಕೊಟ್ಟು ಸಿನಿಮಾ ಥೇಟರಿನಿಂದ ಒಂದು ಹೆದರಿಕೆಯನ್ನು ಕೊಂಡು ತಂದ.

ಹೆಂಡತಿ ಈರವ್ವನಿಗೆ ಸಿನಿಮಾ ಬೇಕಾಗಿತ್ತು. ಪಕ್ಕದ ಮನೆಯ ಏಕನಾಥನಿಗೆ ಪುಕ್ಕಟೆ ಸಿನಿಮಾ ಬೇಕಾಗಿತ್ತು. ಕತೆ ಕಾಲೇಜಿನದು. ಅಲ್ಲಿ ಪುಸ್ತಕ ತೆರೆದವರೇ ಇಲ್ಲ. ಹುಡುಗರ ಕೆಲಸ ಸಿಳ್ಳೆ ಹೊಡೆಯುವುದು. ಹುಡುಗಿಯರ ಕೆಲಸ ಮೊದಲು ಸಿಟ್ಟಾಗುವುದು, ಆಮೇಲೆ ನಾಚುವುದು. ನಾಯಕ ನಾಯಕಿಗೆ ಡಿಕ್ಕಿ ಹೊಡೆದ, ಹಾಳೆಗಳು ಹಾರಿದವು, ಇಬ್ಬರೂ ಕುಳಿತು ಆರಿಸಿದರು. ತಲೆ ಎತ್ತುವುದರೊಳಗೆ ಹಿಮದ ಗುಡ್ಡದ ಮೇಲೆ ಹಾಡುತ್ತಿದ್ದರು. ನಾಯಕಿಯ ಅಪ್ಪ ಆಕೆಯನ್ನು ಕೋಣೆಯಲ್ಲಿ ಕೂಡಿಹಾಕಿದಾಗ ಇಡೀ ಥೇಟರಿನಲ್ಲಿ ಚಪ್ಪಾಳೆ ತಟ್ಟಿದವ ನೀಲಕಂಠಪ್ಪನೊಬ್ಬನೇ.

"ನೋಡಿದ್ರಲ್ಲಾ?" ಎಂದ ಏಕನಾಥ, ನೀಲಕಂಠಪ್ಪನದೇ ಶೇಂಗಾ ಸುಲಿಯುತ್ತ. "ಹದಿನೇಳು ವರ್ಷದ ಮಗಳನ್ನ ಕಾಲೇಜಿಗೆ ಕಳಸ್ತೀನಿ ಅಂತೀರಿ. ಮೊದಲ ಕಣ್ಣಾರೆ ನೋಡಿ ಬರ್ರಿ."

ಮಗಳು ದಾಕ್ಷಾಯಿಣಿ ಪಿಯುಸಿಯಲ್ಲಿ ಫಸ್ಟ್ ಕ್ಲಾಸು. ಬಿ.ಕಾಂ. ಫೀ ತುಂಬಲು ಮರುದಿನವೇ ಕೊನೆ. "ನೀ ಪಾಳಿಗೆ ನಿಂತಿರು, ನಾ ರೊಕ್ಕ ತರ್ತೀನಿ" ಎಂದು ಬೆಳಿಗ್ಗೆ ಅವಳನ್ನು ಕಳಿಸಿ, ನೀಲಕಂಠಪ್ಪ ಅಂಗಡಿಯ ಸ್ಯಾಂಪಲ್ ಚೀಲ ಹಿಡಿದು ಹಿಂದೆಯೇ ಹೋಗಿ ಕಾಲೇಜಿನ ಬೇವಿನ ಗಿಡದ ಮರೆಗೆ ನಿಂತ. ಚೀಲದೊಳಗೆ ಕೈಹಾಕಿ ನೋಡದೆ ಕಾಳು ಕೊಂಡವನಲ್ಲ ಅವನು. ಕೆಟ್ಟದ್ದು ಕಂಡರೆ ರೊಕ್ಕ ಕಿಸೆಯಲ್ಲೇ, ಮಗಳು ಮನೆಯಲ್ಲೇ ಎಂದು ನಿಶ್ಚಯಿಸಿಬಿಟ್ಟಿದ್ದ.

ಒಂದು ತಾಸು ನಿಂತರೂ ಯಾರೂ ಸಿಳ್ಳೆ ಹೊಡೆಯಲಿಲ್ಲ. ಒಬ್ಬ ಹುಡುಗ ಮಾರ್ಕ್ಸ್ ಕಡಿಮೆಯೆಂದು ಕಣ್ಣೊರೆಸಿಕೊಳ್ಳುತ್ತಿದ್ದ. ಒಬ್ಬ ಹುಡುಗಿ ಇಬ್ಬರು ಹುಡುಗರಿಗೆ ಜಮಾಖರ್ಚು ಹೇಳಿಕೊಡುತ್ತ, ಅವರಿಗೆ ತಿಳಿಯದಾಗಲೆಲ್ಲ ಲೆಕ್ಕದ ವಹಿಯಿಂದ ತಲೆಗೆ ಬಡಿಯುತ್ತಿದ್ದಳು. 'ಕೆಳಗ ಏನೂ ಇಲ್ಲ, ಮಾಳಿಗಿ ಮ್ಯಾಲ ಇರಬೇಕು' ಎಂದುಕೊಂಡು ನೀಲಕಂಠಪ್ಪ ಕತ್ತೆತ್ತಿ ಹಿಂದೆ ಹಿಂದೆ ಸರಿದ. ಧಡ್!

ಡಿಕ್ಕಿಯಾದದ್ದು ಲೆಕ್ಚರರ್ ಸುಕನ್ಯಾ ಮೇಡಮ್ಮರಿಗೆ. ಅವರ ಕೈಯ ಹಾಳೆಗಳು ಪಾರಿವಾಳದ ಹಿಂಡಿನಂತೆ ಹಾರಿದವು. ಇವನ ಕೈಯ ಸ್ಯಾಂಪಲ್ ಚೀಲ ಒಡೆದು ತೊಗರಿಬೇಳೆ ಚೆಲ್ಲಿತು. ನೆಲದ ಮೇಲೆ ಕಾಳು ಬಿಟ್ಟು ನಡೆಯುವ ವ್ಯಾಪಾರಿ ಹುಬ್ಬಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ. ನೀಲಕಂಠಪ್ಪ ಕುಕ್ಕರಗಾಲಲ್ಲಿ ಕುಳಿತು ಆರಿಸತೊಡಗಿದ. ಪಾಪ, ಮೇಡಮ್ಮರೂ ಕುಳಿತು ನಾಲ್ಕು ಬೊಗಸೆ ಬಳಿದು ಕೊಟ್ಟರು.

ಅಷ್ಟರಲ್ಲಿ ಜವಾನ ಉಸ್ಮಾನಸಾಬ ಬಂದು ಅವನ ಕಾಲರು ಹಿಡಿದ. "ಗಿಡದ ಹಿಂದ ನಿಂತು ಹುಡುಗ್ಯಾರ್ನ ನೋಡಾಕತ್ತಿದ್ದವ ಇವನ ರೀ ಮೇಡಮ್! ಕೂದಲಾ ಬೆಳ್ಳಗಾದ್ರೂ ಬುದ್ಧಿ ಬಂದಿಲ್ಲ!"

ಹುಡುಗರು ಸುತ್ತುಗಟ್ಟಿದರು. ಒಬ್ಬ ತೋಳು ಏರಿಸಿದ. ಪಾಳಿ ಬಿಟ್ಟು ದಾಕ್ಷಾಯಿಣಿ ಓಡಿಬಂದಳು.

"ಬಿಡ್ರಿ ಕಾಕಾ! ನಮ್ಮ ಅಪ್ಪಾರು ಅವರು. ನನ್ನ ಫೀ ತುಂಬಾಕ ಬಂದಾರ."

ಕಾಲರು ಸಡಿಲಾಯಿತು. ತೋಳು ಏರಿಸಿದ್ದ ಹುಡುಗನೇ ಬಗ್ಗಿ ಉಳಿದ ಬೇಳೆ ಆರಿಸಿಕೊಟ್ಟ. ಸಿನಿಮಾದ ಹುಡುಗಿ ಆಪತ್ತು ಬಂದಾಗ ಕಿರುಚಿ ಮೂರ್ಛೆ ಹೋಗಿದ್ದಳು; ಇವಳು ಎರಡು ಮಾತಿನಲ್ಲಿ ಅಪ್ಪನ ಮಾನ ಉಳಿಸಿದಳು. ನೀಲಕಂಠಪ್ಪ ಅಲ್ಲೇ ರೊಕ್ಕ ತೆಗೆದು ಫೀ ತುಂಬಿದ.

"ನೀ ಇರದಿದ್ರ ಇವತ್ತ ನನ್ನ ಹಲ್ಲ ಉಳೀತಿರಲಿಲ್ಲ, ಯವ್ವಾ" ಎಂದ.

ಮನೆಗೆ ಬಂದರೆ ಈರವ್ವ ಬಾಗಿಲಲ್ಲೇ ನಿಂತಿದ್ದಳು. ಸೈಕಲ್ಲಿನಲ್ಲಿ ಹೋಗಿ ಗೇಟಿನಿಂದಲೇ ಇಣುಕಿದ್ದ ಏಕನಾಥ, ಅರ್ಧ ನೋಡಿ ಪೂರ್ತಿ ವರದಿ ಒಪ್ಪಿಸಿದ್ದ.

"ಡಿಕ್ಕಿ ಹೊಡದ್ರಂತ?"

"ಅದು... ಹಿಂದಕ್ಕ ಸರಿಯೋವಾಗ..."

"ಹಾಳಿ ಹಾರಿದ್ವೊ ಇಲ್ಲೊ?"

"ಹಾರಿದ್ವು. ಆದ್ರ ನಾ ಆರಿಸಿದ್ದು ಬ್ಯಾಳಿ!"

"ಆಕಿನೂ ಕುಂತು ಆರಿಸಿದಳೊ ಇಲ್ಲೊ?"

ನೀಲಕಂಠಪ್ಪ ಒಡೆದ ಚೀಲವನ್ನು ಬೆನ್ನ ಹಿಂದೆ ಸರಿಸಿದ.

"ಮುಂದ ಏನಾಗತೈತಿ ಅಂತ ನಾನೂ ಬಾಲ್ಕನ್ಯಾಗ ಕುಂತು ನೋಡೀನಿ" ಎಂದಳು ಈರವ್ವ. "ದಾಕ್ಷಾಯಿಣಿ, ಇನ್ನ ಮೂರು ವರ್ಷ ಒಂದು ದಿನಾನೂ ಕಾಲೇಜು ತಪ್ಪಸಬ್ಯಾಡ. ಇವರು ಆ ಕಡಿ ಸುಳದ್ರ ಬಂದು ಹೇಳು. ನೀವು, ಅಂಗಡಿ ಮುಚ್ಚಿದ ಕೂಡಲೇ ಸೀದಾ ಮನಿಗೆ ಬರಬೇಕು!"

"ಹೂಂ ಬೇ" ಎಂದಳು ದಾಕ್ಷಾಯಿಣಿ, ನಗು ನುಂಗಿಕೊಂಡು.

ಮಗಳಿಗೆ ಮೂರು ವರ್ಷದ ಓದು ಸಿಕ್ಕಿತು. ನೀಲಕಂಠಪ್ಪನ ಸಂಜೆಯ ತಿರುಗಾಟ ಹೋಯಿತು.