ಗಾಬರಿ ಬೇಡ ಎಂಬ ಗಾಬರಿ

ಜನರಿಗೆ ಅಪಾಯವನ್ನು ಮುಂಚೆಯೇ ತಿಳಿಸುವ ವ್ಯವಸ್ಥೆ ರೂಪಿಸುವುದು ನನ್ನ ನೌಕರಿಯಾಗಿತ್ತು. ಸೈರನ್, ಧ್ವನಿವರ್ಧಕ, ಎಸ್ಸೆಮ್ಮೆಸ್, ಆಮೇಲೆ ವಾಟ್ಸಾಪ್. ಠಾಣೆ ಶಹರದಿಂದ ನವಿ ಮುಂಬಯಿವರೆಗೆ ನಮ್ಮ ಕಂಪನಿ ಮಾಡಿದ ಪ್ಲ್ಯಾನುಗಳಲ್ಲಿ ನನ್ನ ಕೈವಾಡವಿದೆ. ಯಾವ ಕಚೇರಿ, ಯಾವ ಸಾಹೇಬರು ಅಂತ ಕೇಳಬೇಡಿ, ಅವರೆಲ್ಲ ಪೆನ್ಶನ್ ತಗೊಂಡು ಸುಖವಾಗಿದ್ದಾರೆ. ಇಂಥ ಕೆಲಸದಲ್ಲಿ ನಗು ಎಲ್ಲಿಂದ ಬರುತ್ತದೆ ಎಂದು ಜನ ಕೇಳುತ್ತಾರೆ. ವರ್ಷಕ್ಕೊಂದು ಮಳೆಗಾಲ ಬರುತ್ತದಲ್ಲ, ಅದರ ಜೊತೆಗೇ ಬರುತ್ತದೆ.

ಒಂಟಿ ಸೈರನ್

ತುರ್ಭೆಯ ಒಂದು ಕಾರ್ಖಾನೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಸೈರನ್ ಕೂರಿಸಿದೆವು. ಪರೀಕ್ಷೆಗೆಂದು ಬಟನ್ ಒತ್ತಿದ್ದೇ ತಡ, ಕೂಲಿಗಳು, ಹಮಾಲರು ಎಲ್ಲ ಹೊರಗೆ ಬಂದು ಮರದ ನೆರಳಲ್ಲಿ ಕೂತು ಡಬ್ಬಿ ಬಿಚ್ಚಿದರು. ಊಟದ ಹೊತ್ತಿಗೆ ಕೂಗುವ ಭೋಂಗಾ ಅಂದುಕೊಂಡಿದ್ದರು. ಮಾಲೀಕರು ಕೆಂಡವಾದರು.

"ಗ್ಯಾಸ್ ಲೀಕ್ ಆದ್ರೆ ನೋಡ್ಕೊಳ್ಳೋಣ. ಪ್ರೊಡಕ್ಷನ್ ಲೀಕ್ ಆಗಬಾರದು. ಕೆಲಸ ನಿಲ್ಲಿಸದ ಸೈರನ್ ಇಲ್ವಾ ನಿಮ್ಮ ಹತ್ರ?"

ಕಂಪನಿಗೆ ಗಿರಾಕಿ ಬೇಕಿತ್ತು. ಸೈರನ್ನಿನ ಸದ್ದು ಇಳಿಸಿದೆವು, ಮತ್ತೂ ಇಳಿಸಿದೆವು. ಕಡೆಗೆ ಅದು ಮ್ಯಾನೇಜರರ ಕ್ಯಾಬಿನ್ನಿನಲ್ಲಿ ಮನೆಬಾಗಿಲ ಬೆಲ್ಲಿನಷ್ಟು ಮಾತ್ರ ಕೂಗುವ ಡಬ್ಬಿಯಾಯಿತು.

ಕೆಲವು ತಿಂಗಳಲ್ಲೇ ಗ್ಯಾಸ್ ಸೋರಿತು. ಯಾರೂ ಸಾಯಲಿಲ್ಲ, ಆದರೆ ಆಸ್ಪತ್ರೆಯ ವರಾಂಡದಲ್ಲಿ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡವರ ಸಾಲೇ ಇತ್ತು. ನಾನು ನೋಡಲು ಹೋದಾಗ ಒಬ್ಬ ವಯಸ್ಸಾದ ಹಮಾಲ ದನಿ ಗುರುತಿಸಿ ಕೇಳಿದ, "ಸಾಬ್, ನಿಮ್ಮ ಸೈರನ್ ಕೂಗಲಿಲ್ವಾ?"

"ಕೂಗಿತು ಕಾಕಾ. ಮ್ಯಾನೇಜರ್ ಕ್ಯಾಬಿನ್ನಿನಲ್ಲಿ."

"ಮ್ಯಾನೇಜರ್ ಸಾಹೇಬರಿಗೆ ಏನೂ ಆಗಲಿಲ್ಲ ತಾನೆ?"

"ಇಲ್ಲ. ಅವರು ಆವತ್ತು ರಜೆ."

ಅವನು ಕಣ್ಣಿನ ಬಟ್ಟೆ ಸರಿಪಡಿಸಿಕೊಂಡು ಹೇಳಿದ, "ಪಾಪ, ಅದೊಂದೇ ಕೂತು ಕೂಗಿರಬೇಕು."

ತಿಳಿಸುವುದೇನೆಂದರೆ

ಆಮೇಲೆ ಎಸ್ಸೆಮ್ಮೆಸ್ ಕಾಲ ಬಂತು. ಒಂದು ಪಾಲಿಕೆಗೆ ಮಳೆಯ ಎಚ್ಚರಿಕೆ ಕಳಿಸುವ ಕೆಲಸ ಸಿಕ್ಕಿತು. ಒಂದು ತೊಡಕಿತ್ತು. ಇಂಗ್ಲಿಷಿನಲ್ಲಾದರೆ ಒಂದು ಮೆಸೇಜಿಗೆ ನೂರರವತ್ತು ಅಕ್ಷರ ಹಿಡಿಸುತ್ತದೆ. ಮರಾಠಿಯಲ್ಲಾದರೆ ಬರೀ ಎಪ್ಪತ್ತು. ಮೇಲೆ ಹೋದದ್ದು ಎರಡನೇ ಮೆಸೇಜು, ಅದಕ್ಕೆ ಮಂಜೂರಾತಿ ಇರಲಿಲ್ಲ.

ಪಾಲಿಕೆಯ ಸಾಹೇಬರು ಕೊಟ್ಟ ಒಕ್ಕಣೆಯಲ್ಲಿ ಮೊದಲು ಮಾನ್ಯ ಮಹಾಪೌರರ ಆದೇಶ, ಆಮೇಲೆ ಮಾನ್ಯ ಆಯುಕ್ತರ ಮಾರ್ಗದರ್ಶನ, ಆಮೇಲೆ ಸಮಸ್ತ ನಾಗರಿಕರು, ಕಟ್ಟಕಡೆಗೆ ಮಳೆ.

"ಸಾಹೇಬ್, ಮಳೆಯನ್ನು ಮುಂದೆ ತರೋಣ. ಹೆಸರುಗಳು ಬೇಡ," ಅಂದೆ.

ಅವರು ಮಗುವಿಗೆ ಹೇಳುವಂತೆ ಹೇಳಿದರು, "ಅರೇ ಬಾಬಾ, ಮಳೆ ಎರಡು ದಿನ ಇರುತ್ತೆ. ಮಹಾಪೌರರು ಎರಡೂವರೆ ವರ್ಷ ಇರ್ತಾರೆ."

ಜುಲೈನಲ್ಲಿ ಒಂದು ಸಂಜೆ ಆಕಾಶವೇ ಕಳಚಿತು. ಲೋಕಲ್ ರೈಲುಗಳು ನಿಂತವು. ನಮ್ಮ ಮೆಸೇಜು ಹೋಯಿತು. ಧಾರವಾಡದವಳಾದ ನನ್ನ ಹೆಂಡತಿ ಕೆಲಸ ಮುಗಿಸಿ ಡೊಂಬಿವಲಿ ಸ್ಟೇಶನ್ನಿನ ಹೊರಗೆ ರಿಕ್ಷಾಕ್ಕೆ ಕಾಯುತ್ತಿದ್ದಳು. ಫೋನ್ ಮಾಡಿದಳು.

"ರೀ, ನಿಮ್ಮ ಮೆಸೇಜ್ ಬಂದದ. 'ಸಮಸ್ತ ನಾಗರಿಕರಿಗೆ ತಿಳಿಸುವುದೇನೆಂದರೆ' ಅಂತ ಬಂದು ನಿಂತುಬಿಟ್ಟದ. ಏನ್ ತಿಳಸ್ಲಿಕ್ಕೆ ಹತ್ತೀರಿ?"

"ನೀರು ಬರ್ತದ, ಹೊರಗ ಹೋಗಬ್ಯಾಡ್ರಿ ಅಂತ."

"ಅದು ಬಂದು ಮೊಣಕಾಲ ಮುಟ್ಟೇದ. ಫೋನ್ ಇಡ್ರಿ, ಸೀರಿ ಹಿಡ್ಕೋಬೇಕು."

ಸ್ಟಿಕ್ಕರ್

ವರ್ತಕ ನಗರದ ಒಂದು ಹೌಸಿಂಗ್ ಸೊಸೈಟಿಯಲ್ಲಿ ಬೆಂಕಿ ಅನಾಹುತದ ಅಣಕು ಪ್ರದರ್ಶನ. ಭೋಂಗಾ ಕೂಗಿದ ಕೂಡಲೇ ಎಲ್ಲರೂ ಮೆಟ್ಟಿಲಿಳಿದು ಕಾಂಪೌಂಡಿಗೆ ಬರಬೇಕು. ಬಾರದೆ ಉಳಿದವರ ಬಾಗಿಲಿಗೆ 'ಮೃತ' ಎಂಬ ಕೆಂಪು ಸ್ಟಿಕ್ಕರ್. ಅರ್ಧ ಜನ ಇಳಿದರು, ಇನ್ನರ್ಧ ಜನ ಬಾಲ್ಕನಿಯಲ್ಲಿ ನಿಂತು ನೋಡಿ, ಸ್ಟಿಕ್ಕರ್ ಹಿಡಿದವನು ಹತ್ತುವುದು ಕಂಡ ಮೇಲೆ ಇಳಿದರು.

ಉಡುಪಿ ಕಡೆಯ ಒಬ್ಬ ಅಜ್ಜಿ ಮಾತ್ರ ಮೂರನೇ ಮಹಡಿಯಲ್ಲೇ ಉಳಿದರು. ಲಿಫ್ಟು ಬಂದ್ ಮಾಡಿದ್ದೆವು, ಅವರಿಗೆ ಮಂಡಿನೋವು. ಬಾಗಿಲಿಗೆ ಸ್ಟಿಕ್ಕರ್ ಬಿತ್ತು. ಕನ್ನಡದವನು ಅಂತ ಸಮಾಧಾನ ಹೇಳಲು ನನ್ನನ್ನು ಕಳಿಸಿದರು. ಅಜ್ಜಿ ನೀರುದೋಸೆ ಹುಯ್ಯುತ್ತಿದ್ದರು.

"ಎಂತ ಮಾರಾಯ, ನಾನು ಸತ್ತದ್ದಾ?"

"ಸುಮ್ಮನೆ ಅಭ್ಯಾಸಕ್ಕೆ ಅಜ್ಜಿ."

"ಅಭ್ಯಾಸ ಸಾಯ್ಲಿಕ್ಕೆ ಎಂತಕ್ಕೆ? ನಿಜವಾಗಿ ಬೆಂಕಿ ಬಿದ್ರೆ ನನ್ನನ್ನು ಇಳಿಸುವವರು ಯಾರು, ಅದು ಹೇಳು."

ಮಹಡಿಗೆ ಇಬ್ಬರಂತೆ ಗಟ್ಟಿ ಆಳುಗಳು ಮುದುಕರನ್ನು ಹೊತ್ತು ಇಳಿಸಬೇಕೆಂದು ನಾನು ಪ್ಲ್ಯಾನಿನಲ್ಲಿ ಬರೆದಿದ್ದೆ. ಜನ ಸಿಗುವುದಿಲ್ಲ ಅಂತ ಮೇಲಿನವರು ಅದನ್ನು ಹೊಡೆದು ಹಾಕಿದ್ದರು. ಅದನ್ನೇ ಹೇಳಿದೆ.

ಅಜ್ಜಿ ದೋಸೆ ಮಡಚಿ ನನ್ನ ಕೈಗೆ ತಟ್ಟೆ ಕೊಟ್ಟರು. "ಹಾಗಾದ್ರೆ ಸ್ಟಿಕ್ಕರ್ ಅಲ್ಲೇ ಇರ್ಲಿ. ಆ ದಿನ ಪುನಃ ಮೇಲೆ ಹತ್ತಿ ಬರುವ ಕಷ್ಟ ನಿಮಗೆ ಬೇಡ."

ವದಂತಿ ನಂಬಬೇಡಿ

ಕಲ್ಯಾಣದಾಚೆ ನದಿಯಂಚಿನ ಸಾಲುಮನೆಗಳ ಒಂದು ಚಾಳಿನಲ್ಲಿ ನಮ್ಮ ಬಿಜಾಪುರ ಕಡೆಯ ಟೇಲರ್ ಒಬ್ಬನಿದ್ದ. ಪ್ಲ್ಯಾನಿಗಾಗಿ ಓಡಾಡುವಾಗ ಪರಿಚಯವಾದವನು. ಒಂದು ಮಳೆಗಾಲದ ಮಧ್ಯಾಹ್ನ ಅವನ ಫೋನಿಗೆ, ಇಡೀ ಚಾಳಿನ ಫೋನುಗಳಿಗೆ, ವಾಟ್ಸಾಪಿನಲ್ಲಿ ಸುದ್ದಿ ಬಂತು: ಡ್ಯಾಮ್ ಒಡೆದಿದೆ, ಓಡಿ. ಅವನು ಹೊಲಿಗೆ ಮಷೀನಿನ ತಲೆ ಬಿಚ್ಚಿ ಹೆಗಲಿಗೇರಿಸಿ, ಹೆಂಡತಿಯನ್ನು ಕರಕೊಂಡು ದಿಬ್ಬದ ಮೇಲಿನ ಶಾಲೆಗೆ ಓಡಿದ.

ಇತ್ತ ನಾನಿದ್ದ ಪಾಲಿಕೆಯ ಕಂಟ್ರೋಲ್ ರೂಮಿನಲ್ಲಿ ಗದ್ದಲ. ಸಾಹೇಬರು ಡ್ಯಾಮಿನವರಿಗೆ ಒಂದೇ ಪ್ರಶ್ನೆ ಕೇಳಿದರು, "ಒಡೆದಿದೆಯಾ?" ಇಲ್ಲ ಎಂಬ ಉತ್ತರ ಬಂದಿದ್ದೇ ಫೋನ್ ಕುಕ್ಕಿದರು. ಮಳೆ ಬಂದರೆ ಸಹಿಗಾಗಿ ತಾಸುಗಟ್ಟಲೆ ಕಾಯುವ ಕಚೇರಿ ಆವತ್ತು ಯಾರಿಗೂ ಕಾಯಲಿಲ್ಲ. "ಡ್ಯಾಮ್ ಒಡೆದಿಲ್ಲ. ವದಂತಿ ನಂಬಬೇಡಿ. ಗಾಬರಿ ಬೇಡ. ಮನೆಯಲ್ಲೇ ಇರಿ." ನನ್ನ ನೌಕರಿಯಲ್ಲಿ ಹೊತ್ತಿಗೆ ಸರಿಯಾಗಿ, ಎಲ್ಲರಿಗೂ, ಪೂರ್ತಿಯಾಗಿ ತಲುಪಿದ ಮೊದಲ ಮೆಸೇಜು ಅದು. ಟೇಲರನೂ ಓದಿದ. ಮಷೀನು ಹೊತ್ತು ದಿಬ್ಬ ಇಳಿದು ಮನೆಗೆ ಬಂದ.

ಡ್ಯಾಮ್ ಒಡೆದಿರಲಿಲ್ಲ, ನಿಜ. ಅದರ ಗೇಟು ತೆರೆದು ನೀರು ಬಿಟ್ಟಿದ್ದರು. ಅದನ್ನು ಹೇಳಲು ಅವರು ನಮಗೆ ಫೋನ್ ಮಾಡುತ್ತಲೇ ಇದ್ದರಂತೆ. ನಮ್ಮ ಲೈನುಗಳೆಲ್ಲ ಬ್ಯುಸಿ, ಗಾಬರಿ ಬೇಡ ಎಂದು ಹೇಳುವುದರಲ್ಲಿ.

ವದಂತಿ ನಂಬಿದವರು ಶಾಲೆಯಲ್ಲಿ ನೀರು ಸೋಕದೆ ಕೂತಿದ್ದರು. ನಮ್ಮನ್ನು ನಂಬಿದವರು ಎದೆಮಟ್ಟ ನೀರಿನಲ್ಲಿ ಹಗ್ಗ ಹಿಡಿದು ಬಂದರು. ಟೇಲರ್ ದಂಪತಿಯ ಜೀವ ಉಳಿಯಿತು, ಮಷೀನು ಉಳಿಯಲಿಲ್ಲ. ನೀರಿಳಿದ ಮೇಲೆ ಹೋದಾಗ ಅವನು ನನಗೆ ಬೈಯಲಿಲ್ಲ. ಕೆಸರಿನಲ್ಲಿ ಕೂತು, "ಓಡಿ ಹೋಗಿದ್ದೆ ಅಣ್ಣಾರ. ನೀವು ಹೇಳಿದ್ರಿ ಅಂತ ಬಂದೆ," ಅಂದ. ಬೈದಿದ್ದರೇ ಚೆನ್ನಾಗಿತ್ತು.

ಮರುವರ್ಷ ಮತ್ತೆ ನದಿ ಏರಿತು. ಸಾಹೇಬರು ಮತ್ತೆ ಅದೇ ಮೆಸೇಜು ಬಿಟ್ಟರು: ಗಾಬರಿ ಬೇಡ, ಮನೆಯಲ್ಲೇ ಇರಿ. ಎರಡು ತಾಸಿನ ಮೇಲೆ ನೀರು ನುಗ್ಗಿದಾಗ ಚಾಳಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೋಳಿಗಳನ್ನೂ ಸಾಗಿಸಿದ್ದರು.

ಮೇಲಿನವರಿಗೆ ಸಂತೋಷವೋ ಸಂತೋಷ. ಒಬ್ಬರೂ ನೀರಿಗೆ ಸಿಕ್ಕಲಿಲ್ಲವಲ್ಲ, ಎಚ್ಚರಿಕೆ ವ್ಯವಸ್ಥೆ ಗೆದ್ದಿತು ಅಂತ ಸಭೆ ಇಟ್ಟರು, ಸಾಹೇಬರಿಗೆ ಶಾಲು ಹೊದಿಸಿದರು. ನಾಗರಿಕರ ಪರವಾಗಿ ಟೇಲರನನ್ನು ವೇದಿಕೆಗೆ ಹತ್ತಿಸಿ ಮೈಕು ಕೊಟ್ಟರು.

"ನಮ್ಮ ಮೆಸೇಜು ಬಂದಾಗ ನೀವು ಏನು ಮಾಡಿದಿರಿ, ಎಲ್ಲರಿಗೂ ಹೇಳಿ," ಅಂದರು ಸಾಹೇಬರು.

ಅವನು ಕೈಮುಗಿದ. "ನೀರು ಬರುತ್ತೋ ಇಲ್ಲವೋ ಅಂತ ನಮಗೆ ಅನುಮಾನ ಇತ್ತು ಸಾಹೇಬ್ರೆ. ಗಾಬರಿ ಬೇಡ ಅಂತ ನೀವು ಹೇಳಿದ್ರಿ ನೋಡಿ, ಆಗ ಖಾತ್ರಿ ಆಯ್ತು."

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ನಮ್ಮ ಸಾಹೇಬರು.