ಬೆಟ್ಟದ ಕಾಫಿಯೂ ತಕ್ಕಡಿಯಪ್ಪನ ಘೋರ ಪ್ರತಿಜ್ಞೆಯೂ

“ನಿಮ್ಮಣ್ಣನ ಕಾಫಿಗಿಂತ ಒಂದು ಗುಲಗಂಜಿಯಷ್ಟಾದ್ರೂ ಮೇಲಾದ ಕಾಫೀನ, ಅದೇ ಬೆಟ್ಟದ ಮೇಲೆ, ಅದೇ ಬಂಡೆ ಮೇಲೆ ಕೂರಿಸಿ ನಿನಗೆ ಕುಡಿಸದೇ ಹೋದ್ರೆ, ಇನ್ನು ಈ ಕೈ ತಕ್ಕಡಿ ಮುಟ್ಟೋದಿಲ್ಲ!”

ಹೀಗೆಂದು ಅಡುಗೆಮನೆಯ ನಟ್ಟನಡುವೆ ನಿಂತು, ಚಮಚವನ್ನು ಖಡ್ಗದಂತೆ ಎತ್ತಿ ಹಿಡಿದು, ತಕ್ಕಡಿಯಪ್ಪ ಪ್ರತಿಜ್ಞೆ ಮಾಡಿದ. ಕೇಳಿ ಬೆರಗಾಗಬೇಕಿದ್ದ ಹೆಂಡತಿ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. “ಹೂಂ” ಎಂದಳು. ಈಚೀಚೆಗೆ ಅವಳ ಬಾಯಿಂದ ಬರುತ್ತಿದ್ದದ್ದು ಅದೊಂದೇ ಅಕ್ಷರ.

ತಕ್ಕಡಿಯಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಪೇಟೆಯವರು ಇಟ್ಟದ್ದು. ಅಂಗಡಿಗಳ ತಕ್ಕಡಿಗಳನ್ನು ರಿಪೇರಿ ಮಾಡಿ ಸರಿತೂಕಕ್ಕೆ ತರುವುದು ಅವನ ಕಸುಬು. ಕಸುಬು ಅಂಗಡಿಯಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಅದು ಅವನ ಹಿಂದೆಯೇ ಮನೆಗೂ ಬರುತ್ತಿತ್ತು. ಉಪ್ಪನ್ನೂ ತೂಗಿ ಹಾಕು ಎನ್ನುವ ಆಸಾಮಿ! ಮದುವೆಯಾದ ಹೊಸದರಲ್ಲಿ ಹೆಂಡತಿ ನಾಚಿಕೊಂಡು “ನನ್ನ ಕಂಡ್ರೆ ನಿಮಗೆ ಎಷ್ಟು ಪ್ರೀತಿ?” ಎಂದು ಕೇಳಿದರೆ, “ಅಂದಾಜಿನಲ್ಲಿ ಹೇಳೋದು ನನ್ನ ಜಾಯಮಾನವಲ್ಲ” ಎಂದಿದ್ದನಂತೆ.

ಇಂಥವನ ಕಾಫಿ ಕೆಟ್ಟದಾಗಿರಲು ಸಾಧ್ಯವೇ? ಬೀಜ ತೂಗಿ, ನೀರು ತೂಗಿ, ಗಡಿಯಾರ ನೋಡಿಕೊಂಡು ಮಾಡುತ್ತಿದ್ದ. ಹೆಂಡತಿ ಒಂದು ಗುಟುಕು ಕುಡಿದು, “ಚೆನ್ನಾಗಿದೆ. ಆದ್ರೆ ನಮ್ಮಣ್ಣ ಬೆಟ್ಟದ ಮೇಲೆ ಮಾಡಿಕೊಡ್ತಾನಲ್ಲ, ಆ ಕಾಫೀನೇ ಬೇರೆ” ಎನ್ನುತ್ತಿದ್ದಳು. ಅಣ್ಣ ಬಸ್ ಡ್ರೈವರ್. ರಜೆ ಸಿಕ್ಕಿದರೆ ಸಾಕು, ಒಂದು ಟೆಂಟು, ಒಂದು ಮಸಿಪಾತ್ರೆ ಹೆಗಲಿಗೇರಿಸಿ ತಂಗಿಯನ್ನು ಬೆಟ್ಟಕ್ಕೆ ಎಳೆದುಕೊಂಡು ಹೋಗುವವನು. ಮಂಡಿನೋವಿನ ತಕ್ಕಡಿಯಪ್ಪ ಮನೆಯಲ್ಲೇ ಉಳಿದು, ಆ ‘ಆದ್ರೆ’ಯನ್ನು ನೆನೆನೆನೆದು ಹೊಟ್ಟೆ ಉರಿಸಿಕೊಳ್ಳುತ್ತಿದ್ದ.

ಆ ಅಣ್ಣ ಹೋದ. ಒಂದೇ ಸಲಕ್ಕೆ ಹೋಗಲಿಲ್ಲ. ಹೊಟ್ಟೆಯೊಳಗೆ ಬೆಳೆದ ಗಡ್ಡೆ ಅವನನ್ನು ಆಸ್ಪತ್ರೆಯ ಮಂಚದ ಮೇಲೆ ಇಂಚಿಂಚಾಗಿ ತಿಂದಿತು. ಕೊನೆಕೊನೆಗೆ, ಮಾತೇ ಕಷ್ಟವಾದಾಗಲೂ, ತಂಗಿಯ ಕೈ ಹಿಡಿದು “ಇಲ್ಲಿ ಕಾಫಿ ಕುಡೀಬೇಡ ಕಣೇ, ಬರೀ ಕಲಗಚ್ಚು. ನಾನು ಎದ್ದ ಮೇಲೆ ಬೆಟ್ಟಕ್ಕೆ ಹೋಗೋಣ” ಎಂದಿದ್ದ. ಅವನು ಏಳಲಿಲ್ಲ.

ಅಲ್ಲಿಂದಾಚೆಗೆ ಅವಳು ಕಾಫಿ ಮುಟ್ಟಲಿಲ್ಲ. ಆಮೇಲೆ ಊಟ ಕಡಿಮೆಯಾಯಿತು, ಆಮೇಲೆ ಮಾತು. ಅತ್ತಿದ್ದರೆ ಅತ್ತು ಹಗುರಾದಳು ಎನ್ನಬಹುದಿತ್ತು. ಅವಳು ಮಣ್ಣು ಮಾಡಿ ಬಂದ ದಿನವೂ ಅಳಲಿಲ್ಲ. ತೂಕ ನೋಡಿಯೇ ಬದುಕುವವನಿಗೆ ಹೆಂಡತಿ ಕಣ್ಣೆದುರಿಗೇ ಇಳಿದುಹೋಗುತ್ತಿರುವುದು ಯಾವ ತಕ್ಕಡಿಯೂ ಇಲ್ಲದೆ ಕಾಣುತ್ತಿತ್ತು. ತಕ್ಕಡಿಯಪ್ಪನಿಗೆ ಹೆದರಿಕೆಯಾಯಿತು. ಹೆದರಿಕೆಯನ್ನು ಹೆದರಿಕೆ ಎಂದು ಹೇಳುವುದು ಬಿಟ್ಟು ಅವನು ಪ್ರತಿಜ್ಞೆ ಮಾಡಿದ. ಗಂಡಸರ ಬುದ್ಧಿಯೇ ಅಷ್ಟು.

ಬೆಟ್ಟ ಹತ್ತುವವರ ಸಾಮಾನು ಮಾರುವ ಅಂಗಡಿಯವನು “ಸಾರ್, ಹತ್ತುವಾಗ ಗ್ರಾಮು ಕಿಲೋ ಆಗುತ್ತೆ. ಹಗುರ ಮಾಡಿದಷ್ಟೂ ಒಳ್ಳೇದು” ಎಂದದ್ದೇ ತಡ, ಕುಣಿಯುವವನಿಗೆ ತಾಳ ಹಾಕಿಕೊಟ್ಟಂತಾಯಿತು. ತಕ್ಕಡಿಯಪ್ಪ ಬೆಟ್ಟಕ್ಕೆಂದು ಕಟ್ಟಿದ ಬ್ಯಾಗನ್ನು ಹೊತ್ತುಕೊಂಡು ಹೋಗಿ ತನ್ನ ಅಂಗಡಿಯ ದೊಡ್ಡ ತಕ್ಕಡಿಯ ಮೇಲಿಟ್ಟ. ಒಂದೊಂದೇ ವಸ್ತುವನ್ನು ತೆಗೆದ, ತೂಗಿದ, ವಿಚಾರಣೆ ನಡೆಸಿದ, ಶಿಕ್ಷೆ ವಿಧಿಸಿದ! ಒಲೆಗೆ ಗಾಳಿ ತಾಗದಂತೆ ಸುತ್ತ ನಿಲ್ಲಿಸುವ ತಗಡಿನ ಮರೆ: ಗಡೀಪಾರು. ಎರಡನೇ ನೀರಿನ ಬಾಟಲಿ: ಗಡೀಪಾರು. ಹಲ್ಲುಜ್ಜುವ ಬ್ರಷ್ಷಿನ ಹಿಡಿ: ಶಿರಚ್ಛೇದ. ಕೈಯಲ್ಲಿ ತಿರುಗಿಸಿ ಬೀಜ ಪುಡಿ ಮಾಡುವ ಯಂತ್ರ, ಉದ್ದ ಮೂತಿಯ ಕೆಟಲ್ಲು, ಬೀಜ ತೂಗಲು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ, ಇವುಗಳಿಗೆ ಮಾತ್ರ ರಾಜಮರ್ಯಾದೆ.

ಮೊಂಡು ಬ್ರಷ್ಷನ್ನು ಹೆಂಡತಿ ಬೆಳಕಿಗೆ ಹಿಡಿದು ನೋಡಿದಳು. “ಹಲ್ಲೂ ಕಿತ್ತು ಇಲ್ಲೇ ಇಟ್ಟು ಹೋಗೋಣ, ಇನ್ನೂ ಹಗುರ ಆಗುತ್ತೆ” ಎಂದಳು.

ಎಷ್ಟೋ ದಿನಗಳ ಮೇಲೆ ಅವಳು ಆಡಿದ ಅತಿ ಉದ್ದದ ಮಾತು ಅದು. ತಕ್ಕಡಿಯಪ್ಪನಿಗೆ ಕುಣಿದಾಡುವಷ್ಟು ಖುಷಿಯಾಯಿತು.

ಹತ್ತುವಾಗ ಕುಣಿತವೆಲ್ಲ ಇಳಿಯಿತು. ಅರ್ಧ ದಾರಿಗೇ ಮಂಡಿ ಮುಷ್ಕರ ಹೂಡಿತು. ಕೂತಲ್ಲೆಲ್ಲ ನೋವಿನ ಮುಲಾಮು ಬಳಿದು, ಕರವಸ್ತ್ರದಲ್ಲಿ ಕೈ ಒರೆಸಿಕೊಂಡು, ಮತ್ತೆ ಎದ್ದ. ಮುಂದೆ ಹೋಗುತ್ತಿದ್ದ ಹೆಂಡತಿ ಹಿಂದಿರುಗಿ ನೋಡಲಿಲ್ಲ. ದಾರಿ ಅವಳಿಗೆ ಬಾಯಿಪಾಠವಾಗಿತ್ತು. ಸಂಜೆಗೆ ತುದಿ ಮುಟ್ಟಿ, ಟೆಂಟು ಹಾಕಿ, ಬ್ರೆಡ್ಡು ತಿಂದು ಮಲಗಿದರು. ಅವಳು ನಿದ್ದೆ ಮಾಡಿದಳೋ ಇಲ್ಲವೋ, ಕೇಳುವ ಧೈರ್ಯ ಅವನಿಗಾಗಲಿಲ್ಲ.

ಬೆಳಗಾಯಿತು. ಅಣ್ಣ ತಂಗಿ ಕೂರುತ್ತಿದ್ದ ಚಪ್ಪಟೆ ಬಂಡೆಯ ಮೇಲೆ ಅವಳು ಒಬ್ಬಳೇ ಹೋಗಿ ಕೂತಳು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು. ತಕ್ಕಡಿಯಪ್ಪ ತೋಳೇರಿಸಿ ಯುದ್ಧಕ್ಕಿಳಿದ.

ಮೊದಲ ಏಟು ಗಾಳಿಯದು. ಬೀಜವನ್ನು ಪುಟ್ಟ ತಕ್ಕಡಿಗೆ ಹಾಕಿದರೆ ಅಂಕಿಗಳು ಕುಪ್ಪಳಿಸತೊಡಗಿದವು. ಗಾಳಿ ಬೀಸಿದರೆ ಒಂದು ತೂಕ, ನಿಂತರೆ ಇನ್ನೊಂದು! ಕಡೆಗೆ ಅವನು ನೆಲದ ಮೇಲೆ ಬೋರಲು ಮಲಗಿ, ತಕ್ಕಡಿಗೆ ಎದೆಯನ್ನೇ ಮರೆ ಮಾಡಿ, ಒಂದೊಂದೇ ಬೀಜ ಹಾಕಿ ತೂಕ ಸರಿ ಮಾಡಿದ.

“ಏನು ಮಾಡ್ತಿದ್ದೀರಿ ಅಲ್ಲಿ?”

“ಕಾಫಿ!”

“ಕಾಣ್ತಾ ಇದೆ.”

ಎರಡನೇ ಏಟು ಒಲೆಯದು. ಹಚ್ಚಿದರೆ ಆರುತ್ತದೆ, ಆರಿದರೆ ಹಚ್ಚುತ್ತಾನೆ. ಗಾಳಿಮರೆ ಕೆಳಗೆ ಅಂಗಡಿಯಲ್ಲಿ ಬೆಚ್ಚಗೆ ಕೂತಿದೆ. ಬೆಂಕಿಪೊಟ್ಟಣ ಬರಿದಾಗುತ್ತ ಬಂದಾಗ ತಕ್ಕಡಿಯಪ್ಪನಿಗೆ ದಿವ್ಯಜ್ಞಾನವಾಯಿತು: ಟೆಂಟಿನ ಬಾಗಿಲ ಒಳಗಿಟ್ಟರೆ ಗಾಳಿ ಎಲ್ಲಿಂದ ಬರಬೇಕು? ಗಾಳಿ ಬರಲಿಲ್ಲ. ಒಲೆ ಭುಗ್ಗೆಂದಿತು. ಅದರ ಜೊತೆಗೆ ಟೆಂಟೂ ಭುಗ್ಗೆಂದಿತು!

“ರೀ! ಟೆಂಟು!”

ತಕ್ಕಡಿಯಪ್ಪ ಕೈಯಲ್ಲಿ ಬಡಿದ, ಟೋಪಿಯಲ್ಲಿ ಬಡಿದ, ಕಡೆಗೆ ಇದ್ದ ಕೆಟಲ್ಲಿನ ನೀರನ್ನೇ ಎರಚಿದ. ಬೆಂಕಿ ಆರಿತು, ಒಲೆಯೂ ಸತ್ತಿತು. ಟೆಂಟಿನ ಗೋಡೆಯಲ್ಲಿ ತಟ್ಟೆಯಗಲದ ಕಿಂಡಿ, ಅವನ ಎಡಹುಬ್ಬಿನಲ್ಲಿ ಅರ್ಧ ಮಾತ್ರ ಬಾಕಿ.

ಹೆಂಡತಿ ಕಿಂಡಿಯಿಂದ ಅವನನ್ನು ನೋಡಿದಳು. “ಹೋಗಲಿ ಬಿಡಿ. ಇಳಿಯುವಾಗ ತೂಕ ಕಡಿಮೆ.”

ಸುಮ್ಮನಿದ್ದರೆ ಅವನು ತಕ್ಕಡಿಯಪ್ಪನೇ? ಇಬ್ಬನಿಗೆ ನೆಂದ ಪುಳ್ಳೆಗಳನ್ನು ಆಯ್ದು, ಕಲ್ಲುಗಳ ನಡುವೆ ಒಟ್ಟಿ, ಉಳಿದ ಕಡ್ಡಿಗಳನ್ನೆಲ್ಲ ಗೀರಿ ಹೊಗೆ ಎಬ್ಬಿಸಿದ. ಬೆಂಕಿ ಒಂದು ಬೊಗಸೆ, ಹೊಗೆ ಒಂದು ಊರಿಗಾಗುವಷ್ಟು. ಹೆಂಡತಿಯ ಬಾಟಲಿಯಲ್ಲಿ ಉಳಿದಿದ್ದ ನೀರು ಕೆಟಲ್ಲಿಗೆ ಹೋಯಿತು. ಅಂತೂ ಕುದಿಯಿತು. ಗೆದ್ದೆ ಎಂದುಕೊಂಡು, ಪುಡಿಯನ್ನು ಸೋಸುವ ಬಟ್ಟಲಿಗಾಗಿ ಬ್ಯಾಗಿಗೆ ಕೈ ಹಾಕಿದ. ಮತ್ತೆ ಹಾಕಿದ. ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದ.

“ಏನು ಹುಡುಕ್ತಿದ್ದೀರಿ?”

ಅವನಿಗೆ ನೆನಪಾಗಿಹೋಗಿತ್ತು. ಎಲ್ಲಕ್ಕಿಂತ ಕೊನೆಗೆ ತೂಗಿದ್ದು ಸೋಸುವ ಬಟ್ಟಲನ್ನು. ಅದು ಅಂಗಡಿಯ ತಕ್ಕಡಿಯ ತಟ್ಟೆಯಲ್ಲೇ ಕೂತಿದೆ. ಅದರ ಮೇಲಿನ ಗೋಡೆಯಲ್ಲಿ ಗಿರಾಕಿಗಳಿಗಾಗಿ ಅವನೇ ಕೆಂಪು ಬಣ್ಣದಲ್ಲಿ ಬರೆದ ಬೋರ್ಡು: ‘ತೂಗಿದ ಮೇಲೆ ತಟ್ಟೆ ಖಾಲಿ ಮಾಡಿ!’

“ಸೋಸೋ ಬಟ್ಟಲು... ತಕ್ಕಡೀಲಿ ಉಳ್ಕೊಂಡಿದೆ.”

“ಅಂದ್ರೆ, ತೂಗೋ ತಕ್ಕಡೀನ ಬೆಟ್ಟದ ಮೇಲಕ್ಕೆ ಹೊತ್ತು ತಂದಿದ್ದೀರಿ. ತೂಗಿದ್ದನ್ನ ಅಲ್ಲೇ ಬಿಟ್ಟು ಬಂದಿದ್ದೀರಿ.”

ಅವನು ಖಾಲಿ ಬ್ಯಾಗನ್ನು ಪಕ್ಕಕ್ಕೆಸೆದ. ಕಣ್ಣಲ್ಲಿ ನೀರು, ಹೊಗೆಯದೆಂದು ಹೇಳಿಕೊಳ್ಳಬಹುದಾದದ್ದು. ಜೇಬಿನಿಂದ ಕರವಸ್ತ್ರ ತೆಗೆದು, ಲೋಟದ ಬಾಯಿಗೆ ಹೊದಿಸಿ, ಪುಡಿ ಸುರಿದು ನೀರು ಹುಯ್ದ. ಮುಲಾಮು ಒರೆಸಿದ ಕರವಸ್ತ್ರ ಅದೇ ಎನ್ನುವುದು ಹೊಳೆದದ್ದು ಎರಡನೇ ಲೋಟವೂ ತುಂಬಿದ ಮೇಲೆ.

ಕಾಫಿಯ ಬಣ್ಣ ಚರಂಡಿಯದು. ಮೇಲೆ ಬೂದಿ ತೇಲುತ್ತಿತ್ತು, ಕೆಳಗೆ ಮಣ್ಣು ಕೂತಿತ್ತು. ಒಂದು ಲೋಟವನ್ನು ಹೆಂಡತಿಯ ಕೈಗಿತ್ತು, ತಾನೊಂದು ಗುಟುಕು ಕುಡಿದ. ನಾಲಗೆ ಉರಿಯಿತು, ಗಂಟಲು ತಣ್ಣಗಾಯಿತು, ಮೂಗು ಕಟ್ಟಿದ್ದು ಬಿಟ್ಟಿತು! ಅವಳು ಇನ್ನೂ ಕುಡಿದಿರಲಿಲ್ಲ. ಲೋಟವನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ನೋಡಲಾರದೆ ತಕ್ಕಡಿಯಪ್ಪ ಮೆಲ್ಲನೆ ಬಂಡೆಯ ಹಿಂದಕ್ಕೆ ಸರಿದ. ಅಲ್ಲಿ ಸುತ್ತೆಲ್ಲ ಹುಲ್ಲು ಹಸಿರಾಗಿದ್ದರೂ, ಬಂಡೆಯ ಬುಡದಲ್ಲಿ ಒಂದು ಮೊರದಗಲ ನೆಲ ಬೋಳಾಗಿತ್ತು. ತನ್ನ ಲೋಟವನ್ನು ಅಲ್ಲಿಗೇ ಬಗ್ಗಿಸಿದ.

“ಹೂಂ, ಅಲ್ಲೇ ಸುರೀರಿ.” ಮೇಲಿನಿಂದ ದನಿ ಬಂತು. “ನಾನೂ ಅಲ್ಲೇ ಸುರೀತಿದ್ದೆ.”

“ಏನನ್ನ?”

“ಅಣ್ಣನ ಕಾಫೀನ.”

ತಕ್ಕಡಿಯಪ್ಪ ಲೋಟ ಹಿಡಿದು ನಿಂತೇಬಿಟ್ಟ.

“ಬಾಯಿಗಿಡೋ ಹಾಗಿರ್ತಿರಲಿಲ್ಲ ಕಣ್ರೀ! ಬರೀ ಹೊಗೆ, ಬರೀ ಮಣ್ಣು. ಅವನು ಆ ಕಡೆ ತಿರುಗಿದ ಕೂಡ್ಲೇ ಹಿಂದಕ್ಕೆ ಸುರಿದುಬಿಟ್ಟು, ‘ಅಣ್ಣಾ, ಇಂಥ ಕಾಫಿ ಎಲ್ಲೂ ಕುಡಿದಿಲ್ಲ’ ಅಂತಿದ್ದೆ. ಸುಳ್ಳೇನಲ್ಲವಲ್ಲ! ಅವನೋ, ಬಸ್ಸಿನವರಿಗೆಲ್ಲ ಹೇಳ್ಕೊಂಡು ಬರ್ತಿದ್ದ, ನನ್ನ ತಂಗಿಗೆ ನನ್ನ ಕಾಫೀನೇ ಆಗ್ಬೇಕು ಅಂತ...”

ಅವಳು ನಕ್ಕಳು. ನಗುತ್ತ ನಗುತ್ತಲೇ ದನಿ ಒಡೆಯಿತು. ಆಸ್ಪತ್ರೆಯಲ್ಲಿ ಬಾರದ ಅಳು, ಮಣ್ಣು ಮಾಡಿದ ದಿನ ಬಾರದ ಅಳು, ಈಗ ಬೆಟ್ಟಕ್ಕೆಲ್ಲ ಕೇಳುವ ಹಾಗೆ ಬಂತು. “ಒಂದು ಲೋಟನಾದ್ರೂ ಪೂರ್ತಿ ಕುಡೀಬಹುದಿತ್ತು ಕಣ್ರೀ ನಾನು. ಒಂದೇ ಒಂದು ಲೋಟ.”

ತಕ್ಕಡಿಯಪ್ಪ ಹೋಗಿ ಅವಳು ಬಿಟ್ಟಿದ್ದ ಜಾಗದಲ್ಲಿ ಕೂತ. ಅವಳು ಮೂಗು ಒರೆಸಿಕೊಂಡು ಲೋಟ ಎತ್ತಿದಳು. ಕುಡಿದಳು. ಮುಖ ಕಿವುಚಿದಳು, ಮತ್ತೆ ಕುಡಿದಳು. ತಳದ ಮಣ್ಣನ್ನೂ ಬಿಡದೆ ಕುಡಿದು, ಲೋಟವನ್ನು ಬೋರಲು ಮಾಡಿ ತೋರಿಸಿದಳು.

ಬಾಯಿ ಮುಚ್ಚಿಕೊಂಡಿರಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆದರೂ ಹುಟ್ಟುಗುಣ ಬಿಡಬೇಕಲ್ಲ!

“ಹಾಗಾದ್ರೆ... ನನ್ನ ಪ್ರತಿಜ್ಞೆ ಏನಾಯ್ತು? ಯಾರ ಕಾಫಿ ಮೇಲು?”

ಅವಳು ಬಾಯಿಗೆ ಸಿಕ್ಕ ಬೂದಿಯನ್ನು ಉಗುಳಿ, ನ್ಯಾಯಾಧೀಶರಂತೆ ಯೋಚಿಸಿದಳು.

“ಹೊಗೆ ಸಮ. ಮಣ್ಣು ಸಮ. ಆದ್ರೆ ಅಣ್ಣನ ಕಾಫೀಲಿ ಮುಲಾಮು ಇರ್ತಿರಲಿಲ್ಲ. ಆ ಒಂದು ಗುಲಗಂಜಿ ನಿಮ್ಮದೇ ಮೇಲು ಕಣ್ರೀ. ಧೈರ್ಯವಾಗಿ ತಕ್ಕಡಿ ಮುಟ್ಟಿ!”