ಎಲೆಮಡಕೆಯ ವಿರುದ್ಧ ನನ್ನ ವಾದ

ವಾದದಲ್ಲಿ ಗೆಲ್ಲುವುದೂ ಒಂದು ಕಾಯಿಲೆ. ಅದಕ್ಕೆ ಔಷಧವಿಲ್ಲ, ಕಪ್‌ಗಳಿವೆ. ಮಂಡ್ಯದ ನನ್ನ ಕೋಣೆಯಲ್ಲಿ ಅಂಥವು ಹನ್ನೊಂದಿವೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ ಎಂದರೆ ಪರ, ವಿರೋಧ ಎಂದರೆ ವಿರೋಧ ಮಾತಾಡಿ ತಂದವು. ಈ ಗುಣ ನೋಡಿಯೇ ಒಂದು ಸಂಶೋಧನಾ ಕೇಂದ್ರ ನನಗೆ ಕೆಲಸ ಕೊಟ್ಟಿತು. ಇನ್ಸುಲಿನ್‌ನಂಥ ಜೈವಿಕ ಔಷಧಗಳನ್ನು ಹೇಗೆ ತಯಾರಿಸಬೇಕು, ಕೆಡದಂತೆ ಹಳ್ಳಿಯವರೆಗೆ ಹೇಗೆ ಸಾಗಿಸಬೇಕು ಎಂದು ಅಲ್ಲಿನವರು ತಲೆ ಕೆಡಿಸಿಕೊಳ್ಳುತ್ತಾರೆ. ಅದಕ್ಕೆ ಅನುದಾನ ಏಕೆ ಕೊಡಲೇಬೇಕು ಎಂದು ನಾನು ಅರ್ಜಿ ಬರೆಯುತ್ತೇನೆ. ಕಾರ್ಖಾನೆಯಿಂದ ಕೊನೆಯ ಮನೆಯವರೆಗೆ ತಂಪು ಎಲ್ಲಿಯೂ ತಪ್ಪಬಾರದು ಎಂಬುದು ನನ್ನ ಅರ್ಜಿಗಳ ಪಲ್ಲವಿ.

ಆ ಕೊನೆಯ ಮನೆ ನನ್ನ ಸೋದರತ್ತೆ ಜಯಮ್ಮನದು. ಹಲಗೂರಿನ ಬಸ್‌ಸ್ಟಾಂಡಿನಲ್ಲಿ ವೀಳ್ಯದೆಲೆ ಮಾರುತ್ತಾಳೆ, ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಎಲೆ ಬಾಡದಿರಲೆಂದು ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ, ಆಗಾಗ ನೀರು ಚಿಮುಕಿಸುತ್ತಿದ್ದಳು. ಇನ್ಸುಲಿನ್ ಶೀಶೆಗಳೂ ಅದರೊಳಗೇ, ಸ್ಟೀಲ್ ಡಬ್ಬಿಯಲ್ಲಿ. ಮಡಕೆಯಲ್ಲಿಟ್ಟರೆ ಮದ್ದು ಕೆಡುತ್ತದೆ, ಫ್ರಿಜ್ಜೇ ಬೇಕು ಎಂದೆ.

“ಎಲೆ ಬಾಡ್ದೆ ಇರೋ ಜಾಗ್ದಲ್ಲಿ ಮದ್ದು ಯಾಕ್ಲಾ ಕೆಡ್ತದೆ?” ಅಂದಳು.

ಎಲೆ ಬೇರೆ, ಔಷಧ ಬೇರೆ ಎಂದೆ. ಒಬ್ಬರ ಅನುಭವ ಸಾಕ್ಷ್ಯವಲ್ಲ ಎಂದೆ. ಮೂರನೆಯ ಅಂಶ ಮರೆತಿದೆ. ಅಷ್ಟರಲ್ಲಿ ಅತ್ತೆ ಬುಟ್ಟಿ ಎತ್ತಿಕೊಂಡಿದ್ದಳು. “ನಿನ್ ಬಾಯಿಗೆ ಯಾರ್ ಆಗ್ತಾರೆ, ತಕಂಬಾ ಬುಡು ನಿನ್ ಫ್ರಿಜ್ಜ.”

ಮದ್ದೂರಿನಿಂದ ಹಳೆಯದೊಂದು ಫ್ರಿಜ್ಜನ್ನು ಲಗೇಜ್ ಆಟೋದಲ್ಲಿ ಹೇರಿಸಿಕೊಂಡು ಬಂದೆ. ಶೀಶೆಗಳನ್ನು ನನ್ನ ಕೈಯಾರೆ ಐಸ್‌ಪೆಟ್ಟಿಗೆಗೆ ತಾಗಿಸಿಟ್ಟೆ. ತಂಪು ಹೆಚ್ಚಿದಷ್ಟೂ ಒಳ್ಳೆಯದೆಂದು ಸಾರಿದೆ. ಎದುರು ಮಾತಾಡುವವರು ಯಾರೂ ಇರಲಿಲ್ಲ.

ವಾರದ ಮೇಲೆ ಫೋನು ಬಂತು. ಆ ಸಂಜೆಯೇ ಅರ್ಜಿ ಕಳಿಸಲು ಕೊನೆಯ ಗಡುವು.

“ಲೇ, ಸೀಸೆ ಗಡ್ಡೆ ಕಟ್ಕಂಡಿತ್ತು ಕಣ್ಲಾ. ಕರಗಿಸಿದ್ರೆ ಒಳ್ಗೆ ಬಿಳೀ ಚೂರು ತೇಲ್ತಾವೆ. ಚುಚ್ಕಳ್ಳಾ?”

“ಚೆನ್ನಾಗಿ ತಣ್ಣಗಿತ್ತು ಅಂತ ಅರ್ಥ. ಚುಚ್ಕೋ ಅತ್ತೆ,” ಎಂದು ಫೋನಿಟ್ಟೆ.

ಕಣ್ಣೆದುರಿನ ಪರದೆಯ ಮೇಲೆ ಅರ್ಜಿಯ ಒಂಬತ್ತನೇ ಪುಟವಿತ್ತು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಬಳಕೆಗೆ ಯೋಗ್ಯವಲ್ಲ, ಎಂದಿತ್ತು. ಬರೆದವನು ನಾನೇ. ಆ ವಾಕ್ಯದಲ್ಲೊಂದು ಅಲ್ಪವಿರಾಮ ಸರಿಪಡಿಸಿ ಕಳಿಸಿದೆ.

ಮೂರು ವಾರ ಅತ್ತೆ ಚುಚ್ಚಿಕೊಂಡದ್ದು ಹೆಚ್ಚುಕಡಿಮೆ ನೀರು. ಎಡಗಾಲಿನಲ್ಲಿ ಚಪ್ಪಲಿ ಕಚ್ಚಿದ ಸಣ್ಣ ಗಾಯ ಕಪ್ಪಾಯಿತು. ಮಳವಳ್ಳಿಯ ಡಾಕ್ಟರು ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿ, “ಇದನ್ನ ಚುಚ್ಕೊಳ್ಳೋಕೆ ಯಾರಮ್ಮ ಹೇಳಿದ್ದು?” ಎಂದು ಕೇಳಿದರು.

ಅತ್ತೆ ನನ್ನ ಕಡೆ ನೋಡಿದಳು. ಆಮೇಲೆ, “ಯಾರೂ ಇಲ್ಲ ಸಾ, ನಂದೇ ದಡ್ಡತನ,” ಅಂದಳು.

ಹನ್ನೊಂದು ಕಪ್ ಗೆದ್ದ ನನ್ನ ಬಾಯಿ ಪಕ್ಕದಲ್ಲೇ ಇತ್ತು. ತೆರೆಯಲಿಲ್ಲ. ಅತ್ತೆಯ ಕಾಲಿನ ಎರಡು ಬೆರಳು ತೆಗೆದರು.

ಅನುದಾನ ಮಂಜೂರಾಯಿತು. ವಾದ ಬಹಳ ಸ್ಪಷ್ಟವಾಗಿದೆ ಎಂದು ಸಮಿತಿ ಮೆಚ್ಚಿತಂತೆ. ಮೊದಲು ಬಂದ ಉಪಕರಣ ಒಂದು ಉಷ್ಣಮಾಪಕ. ಅದನ್ನು ಹಲಗೂರಿಗೆ ಒಯ್ದು ಮಡಕೆಯೊಳಗಿಟ್ಟೆ. ಆಸ್ಪತ್ರೆಯಿಂದ ಬಂದ ದಿನವೇ ಅತ್ತೆ ಮದ್ದನ್ನು ಮಡಕೆಗೆ ಮರಳಿಸಿದ್ದಳು. ಕಾಲನ್ನು ಸ್ಟೂಲಿನ ಮೇಲಿಟ್ಟು ಎಲೆ ಒರೆಸುತ್ತ ಕೂತಿದ್ದಳು.

“ಏನಂತದ್ಲಾ ಅದು?”

“ಮದ್ದು ಇಡೋಕೆ ಸಾಕಾಗೋಷ್ಟು ತಂಪಿದೆಯಂತೆ.”

“ನಾನಂದಿದ್ದೂ ಅದೇಯಾ.”

ಡಾಕ್ಟರ ಮುಂದೆ ನುಂಗಿಕೊಂಡ ಮಾತನ್ನು ಈಗಲಾದರೂ ಹೇಳಬೇಕೆಂದು ಬಾಯಿ ತೆರೆದೆ. “ಒಂದೇ ದಿನದ ಅಳತೆ ಸಾಕ್ಷಿ ಆಗಲ್ಲ ಅತ್ತೆ,” ಅಂದೆ.

“ಅಂಗಾರೆ ನಾಳೀಕೂ ಬಾ,” ಅಂದಳು.

ದಿನಾ ಹೋಗುತ್ತಿದ್ದೇನೆ. ಮರಳಿಗೆ ನೀರು ಚಿಮುಕಿಸಿ, ಅಳತೆ ಬರೆದುಕೊಂಡು, ಕೊನೆಯ ಬಸ್ಸಿಗೆ ವಾಪಸು. ಹದಿನಾರು ದಿನದ ಅಳತೆ ಸೇರಿದೆ. ಇನ್ನೂ ಹೇಳದ ಆ ಮಾತಿಗೆ ಇನ್ನಷ್ಟು ಪುರಾವೆ ಬೇಕೇನೋ.